ಯಾವ ಕೆಲಸಕ್ಕೆ ಯಾವ ಡ್ರೋನ್?

1980ರ ದಶಕದ ಜಪಾನಿನಲ್ಲಿ ಭತ್ತದ ಗದ್ದೆಗಳು ಹಾಗೇ ಇದ್ದವು, ದುಡಿಯುವ ಕೈಗಳು ಮಾತ್ರ ಕಡಿಮೆಯಾಗುತ್ತಿದ್ದವು. ಹಳ್ಳಿಯ ಹುಡುಗರು ಪಟ್ಟಣ ಸೇರಿದ್ದರು. ಉಳಿದ ವಯಸ್ಸಾದ ರೈತರಿಗೆ ಕೆಸರಿನಲ್ಲಿ ಕಾಲು ಕಿತ್ತಿಟ್ಟು ಔಷಧಿ ಹೊಡೆಯುವುದು ಆಗದ ಕೆಲಸವಾಗಿತ್ತು. ಬೈಕುಗಳಿಂದ ನಮಗೆ ಪರಿಚಿತವಾದ ಯಮಹಾ ಕಂಪನಿ ಈ ಕಷ್ಟಕ್ಕೆಂದೇ ಪೈಲಟ್ ಇಲ್ಲದ ಒಂದು ಚಿಕ್ಕ ಹೆಲಿಕಾಪ್ಟರ್ ತಯಾರಿಸಿತು. 1987ರಲ್ಲಿ ಬಂದ ಆ ‘ಆರ್-50’ ಸುಮಾರು 20 ಕೆ.ಜಿ. ಹೊರೆ ಹೊತ್ತು ಹಾರುತ್ತಿತ್ತು. ಬದುವಿನ ಮೇಲೆ ನಿಂತವರು ರೇಡಿಯೊ ರಿಮೋಟ್ ಹಿಡಿದು ಅದನ್ನು ಗದ್ದೆಯ ಮೇಲೆ ಓಡಾಡಿಸುತ್ತಿದ್ದರು. ಹತ್ತು ವರ್ಷದ ಬಳಿಕ ಅದರ ತಮ್ಮ ‘ಆರ್‌ಮ್ಯಾಕ್ಸ್’ ಬಂತು.

ಉದ್ಯೋಗಕ್ಕಾಗಿ ಬಳಸುವ ಡ್ರೋನ್‌ಗಳ ಚರಿತ್ರೆ ಆರಂಭವಾಗುವುದು ಹೀಗೆ: ಮೊದಲು ಕೆಲಸ, ಆಮೇಲೆ ಅದಕ್ಕೆ ಹೊಂದುವ ಯಂತ್ರ. ಇಂದು ಡ್ರೋನ್ ಕೊಳ್ಳಲು ಹೊರಟವರಲ್ಲಿ ಬಹಳಷ್ಟು ಮಂದಿ ಈ ಕ್ರಮವನ್ನು ತಿರುವುಮುರುವು ಮಾಡುತ್ತಾರೆ. ದುಡ್ಡು ಪೋಲಾಗುವುದು ಅಲ್ಲಿಯೇ.

ಕ್ರಮ ತಿರುಗಿದ್ದು 2010ರ ಆಚೆಗೆ. ಮೊಬೈಲ್ ಫೋನುಗಳಿಗಾಗಿ ಕೋಟಿಗಟ್ಟಲೆ ತಯಾರಾಗುತ್ತಿದ್ದ, ಚಲನೆ ಮತ್ತು ಓಲಾಟ ಅಳೆಯುವ ಚಿಪ್‌ಗಳು ಅಗ್ಗವಾದವು. ಹಗುರವಾದ ಲಿಥಿಯಂ ಬ್ಯಾಟರಿ, ಬ್ರಶ್‌ಲೆಸ್ ಮೋಟಾರ್ ಜೊತೆಗೂಡಿದವು. ಹೆಲಿಕಾಪ್ಟರ್ ಹಾರಿಸಲು ಪಳಗಿದ ಕೈ ಬೇಕಿತ್ತು. ನಾಲ್ಕು ರೆಕ್ಕೆಯ ಡ್ರೋನಿನಲ್ಲಿ ಆ ಕೈಚಳಕವನ್ನು ಚಿಪ್ಪೇ ವಹಿಸಿಕೊಂಡಿತು. ನಾಲ್ಕೂ ಮೋಟಾರುಗಳ ವೇಗವನ್ನು ಸೆಕೆಂಡಿಗೆ ನೂರಾರು ಸಲ ತಿದ್ದುತ್ತಾ ಯಂತ್ರವನ್ನು ನೆಟ್ಟಗೆ ನಿಲ್ಲಿಸಿತು. ಫ್ರಾನ್ಸಿನ ಪ್ಯಾರಟ್ 2010ರಲ್ಲಿ, ಚೀನಾದ ಡಿಜೆಐ ತನ್ನ ‘ಫ್ಯಾಂಟಮ್’ ಮೂಲಕ 2013ರಲ್ಲಿ ಡ್ರೋನನ್ನು ಅಂಗಡಿಯ ಸರಕು ಮಾಡಿದವು. ನಮ್ಮಲ್ಲಿ ಐಐಟಿ ಬಾಂಬೆಯ ಹಳೆಯ ವಿದ್ಯಾರ್ಥಿಗಳು 2007ರಲ್ಲೇ ‘ಐಡಿಯಾಫೋರ್ಜ್’ ಕಟ್ಟಿದ್ದರು. 2009ರ ‘3 ಈಡಿಯಟ್ಸ್’ ಚಿತ್ರದಲ್ಲಿ ಹಾರಿದ್ದು ಅವರದೇ ಯಂತ್ರ.

ಕಾನೂನು ಮಾತ್ರ ಹಿಂದೆ ಉಳಿಯಿತು. 2014ರ ಅಕ್ಟೋಬರಿನಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಖಾಸಗಿ ಡ್ರೋನ್ ಹಾರಾಟವನ್ನೇ ತಡೆಯಿತು. 2018ರ ಡಿಸೆಂಬರಿನಲ್ಲಿ ಬಾಗಿಲು ತುಸು ತೆರೆಯಿತು. ನಿಜಕ್ಕೂ ದಾರಿ ಸುಗಮವಾದದ್ದು 2021ರ ಆಗಸ್ಟ್ 25ರ ಡ್ರೋನ್ ನಿಯಮಗಳಿಂದ. ಈ ನಿಯಮಗಳು ತೂಕದ ಮೇಲೆ ನಿಂತಿವೆ: 250 ಗ್ರಾಂವರೆಗೆ ನ್ಯಾನೊ, 2 ಕೆ.ಜಿ.ವರೆಗೆ ಮೈಕ್ರೊ, 25 ಕೆ.ಜಿ.ವರೆಗೆ ಸ್ಮಾಲ್, 150 ಕೆ.ಜಿ.ವರೆಗೆ ಮೀಡಿಯಂ, ಅದರಾಚೆ ಲಾರ್ಜ್. ಸರ್ಕಾರದ ನಕ್ಷೆಯಲ್ಲಿ ಹಸಿರು ಎಂದು ಗುರುತಿಸಿದ ವಲಯದಲ್ಲಿ 400 ಅಡಿವರೆಗೆ ಹಾರಲು ಮುಂಚಿತ ಅನುಮತಿ ಬೇಡ. ಆದರೆ ಮೈಕ್ರೊ ಡ್ರೋನನ್ನೂ ಸಂಪಾದನೆಗೆ ಬಳಸುವುದಾದರೆ ಪೈಲಟ್ ಪ್ರಮಾಣಪತ್ರ ಬೇಕು. ಕೊಳ್ಳುವವರು ಈ ತೂಕದ ಗೆರೆಗಳನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಹೊಲದಲ್ಲಿ ಕಾಣುವ ಹತ್ತು ಲೀಟರ್ ಟ್ಯಾಂಕಿನ ಡ್ರೋನುಗಳು ತುಂಬಿದ ಟ್ಯಾಂಕಿನೊಂದಿಗೂ 25 ಕೆ.ಜಿ. ದಾಟದಂತೆ ಸಾಮಾನ್ಯವಾಗಿ ತಯಾರಾಗುವುದಕ್ಕೆ ಕಾರಣ ಇದೇ.

ಅಳತೆಯ ಕೆಲಸದಲ್ಲಿ ಡ್ರೋನ್ ಎಷ್ಟು ದೂರ ಬಂದಿದೆ ಎಂಬುದಕ್ಕೆ ಸ್ವಾಮಿತ್ವ ಯೋಜನೆಯೇ ಸಾಕ್ಷಿ. 2020ರ ಏಪ್ರಿಲ್ 24ರಂದು ಪ್ರಾರಂಭವಾದ ಈ ಯೋಜನೆಯ ಪ್ರಾಯೋಗಿಕ ಹಂತದಲ್ಲೇ ಕರ್ನಾಟಕವೂ ಇತ್ತು. ಹೊಲಗಳಿಗೆ ಸರ್ವೆ ನಂಬರು, ಪಹಣಿ ಇದ್ದರೂ ಗ್ರಾಮಠಾಣದೊಳಗಿನ ಮನೆ, ಹಿತ್ತಲುಗಳಿಗೆ ಸರಿಯಾದ ನಕ್ಷೆ ಇರಲಿಲ್ಲ. ಡ್ರೋನ್ ಬರುವ ಮೊದಲು ಊರಿನವರು, ಪಂಚಾಯಿತಿ ಸಿಬ್ಬಂದಿ, ಸರ್ವೆಯವರು ಸೇರಿ ಪ್ರತಿ ಆಸ್ತಿಯ ಗಡಿಗುಂಟ ಸುಣ್ಣದ ಪುಡಿಯಲ್ಲಿ ಬಿಳಿ ಗೆರೆ ಎಳೆಯುತ್ತಾರೆ. ನೆರೆಹೊರೆಯ ತಕರಾರು ಎದ್ದರೆ ಏಳುವುದು ಆ ಹೊತ್ತಿನಲ್ಲೇ. ಮೇಲಿನಿಂದ ತೆಗೆದ ನೂರಾರು ಚಿತ್ರಗಳನ್ನು ಕಂಪ್ಯೂಟರ್ ಹೊಲಿದು ಒಂದು ನಕ್ಷೆ ಮಾಡುತ್ತದೆ. ಸುಣ್ಣದ ಗೆರೆ ಆ ನಕ್ಷೆಯಲ್ಲಿ ಎದ್ದು ಕಾಣುತ್ತದೆ.

ಈ ಕೆಲಸಕ್ಕೆ ಸುಂದರವಾದ ವಿಡಿಯೊ ತೆಗೆಯುವ ಡ್ರೋನ್ ಸಾಲದು. ಸಾಮಾನ್ಯ ಜಿಪಿಎಸ್ ಕೆಲವು ಮೀಟರುಗಳಷ್ಟು ತಪ್ಪುತ್ತದೆ. ಎರಡು ಮನೆಗಳ ನಡುವಿನ ಓಣಿಯೇ ಮೂರಡಿ ಇರುವಲ್ಲಿ ಆ ನಕ್ಷೆಗೆ ಬೆಲೆಯಿಲ್ಲ. ನೆಲದ ಮೇಲಿನ ಸ್ಥಿರ ಕೇಂದ್ರದಿಂದ ತಿದ್ದುಪಡಿ ಪಡೆಯುವ ಆರ್‌ಟಿಕೆ ವ್ಯವಸ್ಥೆ ಇದ್ದರೆ ತಪ್ಪು ಕೆಲವೇ ಸೆಂಟಿಮೀಟರಿಗೆ ಇಳಿಯುತ್ತದೆ. ಒಂದಿಂಚಿನ ಸೆನ್ಸರಿನ, 20 ಮೆಗಾಪಿಕ್ಸೆಲ್ ಕ್ಯಾಮೆರಾ ನೂರು ಮೀಟರ್ ಎತ್ತರದಿಂದ ತೆಗೆದ ಚಿತ್ರದ ಒಂದೊಂದು ಚುಕ್ಕೆಯೂ ನೆಲದ ಮೇಲಿನ ಮೂರು ಸೆಂಟಿಮೀಟರಿಗಿಂತ ಕಿರಿದು. ಇನ್ನೊಂದು ವಿವರವನ್ನು ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ. ಕ್ಯಾಮೆರಾಕ್ಕೆ ಮೆಕ್ಯಾನಿಕಲ್ ಶಟರ್ ಇರಬೇಕು. ಅಗ್ಗದ ಕ್ಯಾಮೆರಾಗಳು ಚಿತ್ರವನ್ನು ಮೇಲಿಂದ ಕೆಳಗೆ ಸಾಲುಸಾಲಾಗಿ ಓದುತ್ತವೆ. ಅಷ್ಟರಲ್ಲಿ ಡ್ರೋನ್ ಮುಂದೆ ಸಾಗಿರುವುದರಿಂದ ಗೋಡೆಗಳು ವಾಲಿದಂತೆ ಮೂಡುತ್ತವೆ. ಕಣ್ಣಿಗೆ ಕಾಣದ ಆ ವಾಲು ಅಳತೆಯಲ್ಲಿ ಕಾಣುತ್ತದೆ.

ಊರು ಚಿಕ್ಕದಾದರೆ ನಾಲ್ಕು ರೆಕ್ಕೆಯದು ಸಾಕು. ನೂರಾರು ಎಕರೆ ಅಳೆಯಬೇಕಾದರೆ ವಿಮಾನದಂತೆ ಚಾಚಿದ ರೆಕ್ಕೆಯದು ಬೇಕು, ಏಕೆಂದರೆ ಅದು ಗಾಳಿಯ ಮೇಲೆ ತೇಲುತ್ತಾ ಸಾಗುತ್ತದೆ. ತನ್ನ ತೂಕವನ್ನು ಮೋಟಾರಿನಿಂದಲೇ ಎತ್ತಿಹಿಡಿಯಬೇಕಿಲ್ಲ. ಸ್ವಿಟ್ಜರ್ಲೆಂಡಿನ ಸೆನ್ಸ್‌ಫ್ಲೈ ಸಂಸ್ಥೆಯ ಫೋಮ್ ರೆಕ್ಕೆಯ ‘ಈಬೀ’ ಸುಮಾರು 700 ಗ್ರಾಂ ತೂಗುತ್ತಿತ್ತು. 2013ರಲ್ಲಿ ಅಂಥ ಡ್ರೋನುಗಳೇ ಆಲ್ಪ್ಸ್‌ನ ಮ್ಯಾಟರ್‌ಹಾರ್ನ್ ಶಿಖರವನ್ನು ಅಳೆದು ಅದರ ಮೂರು ಆಯಾಮದ ನಕ್ಷೆ ಕೊಟ್ಟವು. ಇಳಿಯಲು ಬಯಲು ಬೇಕೆನ್ನುವುದು ಇವುಗಳ ಕೊರತೆ. ನೆಟ್ಟಗೆ ಮೇಲೇರಿ, ಆಮೇಲೆ ವಿಮಾನದಂತೆ ಸಾಗುವ ಮಿಶ್ರ ಮಾದರಿಗಳು ಆ ಕೊರತೆ ನೀಗಲು ಬಂದವು. ಗುಡ್ಡಗಳ ನಡುವಿನ ಗಣಿಗಳಿಗೆ ಇವು ಚೆನ್ನಾಗಿ ಹೊಂದುತ್ತವೆ. 2021ರ ನವೆಂಬರಿನ ಗಣಿ ನಿಯಮಗಳ ತಿದ್ದುಪಡಿಯ ಪ್ರಕಾರ, ವರ್ಷಕ್ಕೆ ಹತ್ತು ಲಕ್ಷ ಟನ್ ಅಥವಾ ಅದಕ್ಕಿಂತ ಹೆಚ್ಚು ಅಗೆಯುವ ಯೋಜನೆಯಿರುವ, ಇಲ್ಲವೇ 50 ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡ ಗುತ್ತಿಗೆಯ ಗಣಿಗಳು ಪ್ರತಿವರ್ಷ ಡ್ರೋನ್ ಸರ್ವೆ ಮಾಡಿಸಲೇಬೇಕು; ಗುತ್ತಿಗೆಯ ಗಡಿಯಾಚೆ ನೂರು ಮೀಟರ್ ಕೂಡ ಅದರಲ್ಲಿ ಬರಬೇಕು. ಗಡಿ ಒತ್ತುವರಿಯ ನೋವನ್ನು ಚೆನ್ನಾಗಿ ಬಲ್ಲ ಬಳ್ಳಾರಿ ಸೀಮೆಗೆ ಆ ನೂರು ಮೀಟರಿನ ಮಹತ್ವ ಬಿಡಿಸಿ ಹೇಳಬೇಕಿಲ್ಲ.

ಕೊಡಗಿನ ಕಾಫಿ ತೋಟಕ್ಕೆ ಬಂದರೆ ಕ್ಯಾಮೆರಾ ಸೋಲುತ್ತದೆ, ಅದಕ್ಕೆ ಕಾಣುವುದು ನೆರಳು ಮರಗಳ ನೆತ್ತಿ ಮಾತ್ರ. ಎಲೆಗಳ ಸಂದಿಯಲ್ಲಿ ನುಸುಳಿ ನೆಲ ಮುಟ್ಟಿ ಮರಳುವ ಲೇಸರ್ ಕಿರಣಗಳ ಲೈಡಾರ್ ಅಲ್ಲಿ ಬೇಕು. ಲೈಡಾರಿನ ಬೆಲೆ ಎಷ್ಟೋ ಸಲ ಡ್ರೋನಿನದನ್ನೂ ಮೀರುತ್ತದೆ.

ಪಾವಗಡದ ಸೌರ ಪಾರ್ಕಿನ ಸಂಗತಿಯೇ ಬೇರೆ. ಸುಮಾರು 13,000 ಎಕರೆ, 2,050 ಮೆಗಾವಾಟ್. ಅಷ್ಟು ವಿಸ್ತಾರದಲ್ಲಿ ಕೆಟ್ಟ ಫಲಕವನ್ನು ನಡೆದು ಹುಡುಕುವುದು ಆಗುಹೋಗುವ ಮಾತಲ್ಲ. ಫಲಕದ ಯಾವುದಾದರೂ ಸೆಲ್ ಒಡೆದಿದ್ದರೆ ಅದು ವಿದ್ಯುತ್ ಕೊಡುವ ಬದಲು ಬಿಸಿಯಾಗುತ್ತದೆ. ಶಾಖ ಹಿಡಿಯುವ ಥರ್ಮಲ್ ಕ್ಯಾಮೆರಾದಲ್ಲಿ ಆ ಜಾಗ ಬೆಳ್ಳಗೆ ಹೊಳೆಯುತ್ತದೆ. ಫಲಕದ ಮೂರನೇ ಒಂದು ಭಾಗ ಉದ್ದಕ್ಕೆ ಪಟ್ಟಿಯಂತೆ ಬಿಸಿಯಾಗಿ ಕಂಡರೆ ಒಳಗಿನ ಡಯೋಡಿನ ಸಾಲೊಂದು ಕೈಕೊಟ್ಟಿದೆ ಎಂದು ಅನುಭವಸ್ಥರು ಊಹಿಸುತ್ತಾರೆ. ಬಿಸಿಲು ಚುರುಕಾಗಿರುವಾಗ ಮಾತ್ರ ಈ ತಪಾಸಣೆ ಫಲಿಸುತ್ತದೆ. ಮೋಡದ ದಿನ ಹಾರಿಸಿದರೆ ಬ್ಯಾಟರಿ ಖರ್ಚು ಅಷ್ಟೇ ಲಾಭ. 640×512 ಚುಕ್ಕೆಗಳ, ಪ್ರತಿ ಚುಕ್ಕೆಯ ತಾಪಮಾನ ದಾಖಲಿಸುವ ಕ್ಯಾಮೆರಾ ಇದಕ್ಕೆ ಬೇಕು. 160×120ರ ಅಗ್ಗದ್ದು ಬಳಸಿದರೆ ತೀರಾ ಕೆಳಗೆ ಹಾರಬೇಕಾಗಿ, ಒಂದು ದಿನದ ಕೆಲಸ ವಾರಕ್ಕೆ ಬೆಳೆಯುತ್ತದೆ.

ಬಾಯ್ಲರ್, ತೈಲದ ಟ್ಯಾಂಕು, ಹೊಗೆಕೊಳವೆಗಳ ಒಳಗೆ ಜಿಪಿಎಸ್ ಸಿಗುವುದಿಲ್ಲ, ಗೋಡೆ ತಾಗದೆ ಹಾರಲೂ ಆಗದು. ಸ್ವಿಟ್ಜರ್ಲೆಂಡಿನ ಫ್ಲೈಅಬಿಲಿಟಿ ಸಂಸ್ಥೆ ಡಿಕ್ಕಿಯನ್ನು ತಪ್ಪಿಸುವ ಬದಲು ಸಹಿಸುವ ದಾರಿ ಹಿಡಿಯಿತು. 2016ರ ಅದರ ‘ಎಲಿಯೋಸ್’ ಪಂಜರದೊಳಗೆ ಕುಳಿತು ಹಾರುತ್ತದೆ. ಗೋಡೆಗೆ ಬಡಿದರೂ ಉರುಳಿಕೊಂಡು ಮುಂದೆ ಹೋಗುತ್ತದೆ. ಉಸಿರುಗಟ್ಟುವ ಟ್ಯಾಂಕಿನೊಳಗೆ ಮನುಷ್ಯರನ್ನು ಇಳಿಸುವುದನ್ನು ತಪ್ಪಿಸುವ ಯಾವ ಯಂತ್ರವೇ ಆಗಲಿ, ಅದರ ಬೆಲೆಯನ್ನು ರೂಪಾಯಿಯಲ್ಲಷ್ಟೇ ಎಣಿಸಬಾರದು.

ಕೃಷಿಗೆ ಮರಳೋಣ. ಭತ್ತ, ತೊಗರಿ, ಕಬ್ಬಿನಂಥ ಬೆಳೆಗೆ ಸಿಂಪಡಣೆ ಡ್ರೋನ್ ಅರ್ಥಪೂರ್ಣ. ಎಕರೆಗೆ ಹತ್ತು ಲೀಟರ್ ಆಸುಪಾಸಿನ ದ್ರಾವಣ ಸಾಕು, ರೆಕ್ಕೆಗಳ ಗಾಳಿಯೇ ಹನಿಗಳನ್ನು ಬೆಳೆಯೊಳಕ್ಕೆ ತಳ್ಳುತ್ತದೆ, ಹೊಡೆಯುವವರ ಮೈಮೇಲೆ ವಿಷ ಬೀಳುವುದಿಲ್ಲ. ಕಬ್ಬು ಎದೆಯೆತ್ತರ ದಾಟಿದ ಮೇಲೆ ಒಳಗೆ ಹೊಕ್ಕು ಔಷಧಿ ಹೊಡೆದವರಿಗೆ ಇದರ ಬೆಲೆ ಗೊತ್ತು. ಕೇಂದ್ರದ ‘ನಮೋ ಡ್ರೋನ್ ದೀದಿ’ ಯೋಜನೆ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಇಂಥ ಡ್ರೋನ್ ಕೊಡುವ ಗುರಿಯಿಟ್ಟು 1,261 ಕೋಟಿ ರೂಪಾಯಿ ಮೀಸಲಿಟ್ಟಿತು. ಆದರೆ ಟ್ಯಾಂಕ್ ತುಂಬಿದ ಡ್ರೋನಿಗೆ ಒಂದು ಬ್ಯಾಟರಿ ಬರುವುದು ಹತ್ತು ನಿಮಿಷದ ಆಚೀಚೆ. ದಿನವಿಡೀ ದುಡಿಯಬೇಕಾದರೆ ಹಲವು ಜೊತೆ ಬ್ಯಾಟರಿ, ಹೊಲದ ಬದಿಯಲ್ಲೊಂದು ಜನರೇಟರ್, ಸಾಗಿಸಲು ಗಾಡಿ ಬೇಕು. ಲೆಕ್ಕ ಹಾಕುವಾಗ ಇವನ್ನು ಬಿಟ್ಟವರು ಎರಡನೇ ಹಂಗಾಮಿನ ಹೊತ್ತಿಗೆ ಕೈಚೆಲ್ಲುತ್ತಾರೆ.

ಅಡಿಕೆಗೆ ಇದೇ ಯಂತ್ರ ಒಗ್ಗುವುದಿಲ್ಲ. ಮಲೆನಾಡಿನಲ್ಲಿ ಕೊಳೆರೋಗಕ್ಕೆ ಮಳೆ ಹಿಡಿಯುವ ಮುನ್ನ ಒಮ್ಮೆ, ನಲವತ್ತು ನಲವತ್ತೈದು ದಿನದ ಮೇಲೆ ಮತ್ತೊಮ್ಮೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರು ಸಿಗುವುದು ಕಷ್ಟವಾದಾಗ ಡ್ರೋನಿನತ್ತ ಕಣ್ಣು ಹೊರಳಿದ್ದು ಸಹಜ. ಆದರೆ ಅಡಿಕೆ ಕೊನೆ ಇರುವುದು ಸೋಗೆಗಳ ಕೆಳಗೆ. ಮೇಲಿನಿಂದ ಸುರಿದ ದ್ರಾವಣದಲ್ಲಿ ಬಹುಪಾಲು ಸೋಗೆಯ ಪಾಲಾಗುತ್ತದೆ. ಮೈಲುತುತ್ತ, ಸುಣ್ಣದ ಗಷ್ಟು ಡ್ರೋನಿನ ಸೂಕ್ಷ್ಮ ನಾಜಲ್‌ಗಳಲ್ಲಿ ಕಟ್ಟಿಕೊಳ್ಳುತ್ತದೆ. ನೆಲದ ಮೇಲೆ ನಿಂತು ಕೆಳಗಿನಿಂದ ಕೊನೆಗೇ ಗುರಿಯಿಟ್ಟು ಹೊಡೆಯಲು ಬರುವ ಕಾರ್ಬನ್ ಫೈಬರ್ ದೋಟಿ ಇಂದಿನ ಮಟ್ಟಿಗೆ ಅಡಿಕೆ ಬೆಳೆಗಾರರಿಗೆ ಮೇಲಾದ ಉತ್ತರ.

ಸಾಗಣೆಯಲ್ಲಿ ದಾರಿ ತೋರಿದ್ದು ರುವಾಂಡಾ. 2016ರ ಅಕ್ಟೋಬರಿನಿಂದ ಜಿಪ್‌ಲೈನ್ ಸಂಸ್ಥೆ ಅಲ್ಲಿನ ಗುಡ್ಡಗಾಡು ಆಸ್ಪತ್ರೆಗಳಿಗೆ ರಕ್ತ ಕಳಿಸುತ್ತಿದೆ. ಚಾಚಿದ ರೆಕ್ಕೆಯ ಆ ಡ್ರೋನ್ ಆಸ್ಪತ್ರೆಯಲ್ಲಿ ಇಳಿಯುವುದೇ ಇಲ್ಲ. ಪ್ಯಾರಾಶೂಟ್ ಕಟ್ಟಿದ ಪೆಟ್ಟಿಗೆಯನ್ನು ಬಿಟ್ಟು ಹಿಂದಿರುಗುತ್ತದೆ. ಇಳಿಯುವ ಹಂಗು ಇಲ್ಲವಾದ್ದರಿಂದ ದೂರದ ಹಾರಾಟ ಸುಲಭವಾಯಿತು. ನಮ್ಮಲ್ಲಿ 2021ರ ಅಕ್ಟೋಬರಿನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮಣಿಪುರದ ಬಿಷ್ಣುಪುರದಿಂದ ಲೋಕ್ತಾಕ್ ಸರೋವರದ ಕರಾಂಗ್ ದ್ವೀಪಕ್ಕೆ ಕೋವಿಡ್ ಲಸಿಕೆ ಕಳಿಸಿತು, 26 ಕಿ.ಮೀ. ರಸ್ತೆಯ ದೂರ ಆಕಾಶದಲ್ಲಿ 15 ಕಿ.ಮೀ. ಆಗಿ, ಕಾಲು ಗಂಟೆಯೊಳಗೆ ಮುಗಿಯಿತು. ಅದೇ ವರ್ಷ ಗೌರಿಬಿದನೂರಿನಲ್ಲಿ ಕಣ್ಣಳತೆಯಾಚೆಗೆ ಔಷಧ ಸಾಗಿಸುವ ಪರೀಕ್ಷಾ ಹಾರಾಟಗಳು ನಡೆದವು. ಪೈಲಟ್‌ನ ಕಣ್ಣಿಗೆ ಕಾಣುವಷ್ಟು ದೂರ ಮಾತ್ರ ಹಾರಿಸುವುದು ಇಂದಿಗೂ ಸಾಮಾನ್ಯ ಕಟ್ಟಳೆ. ಆದ್ದರಿಂದ ಪೈಪ್‌ಲೈನ್, ವಿದ್ಯುತ್ ಮಾರ್ಗ ಕಾಯುವವರು ಐವತ್ತು ಕಿಲೋಮೀಟರ್ ಹಾರುವ ಡ್ರೋನ್ ಕೊಂಡರೂ ಕಣ್ಣಳತೆಯಾಚೆ ಹಾರಿಸುವ ಅನುಮತಿ ಕೈಗೆ ಬರುವವರೆಗೆ ಅದರ ಶಕ್ತಿಯಲ್ಲಿ ಸಣ್ಣ ಪಾಲನ್ನಷ್ಟೇ ಬಳಸಿಯಾರು.

2022ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಸಂಶೋಧನೆ, ರಕ್ಷಣೆ, ಭದ್ರತೆ ಬಿಟ್ಟು ಉಳಿದ ಕೆಲಸಗಳಿಗೆ ವಿದೇಶದ ಸಿದ್ಧ ಡ್ರೋನುಗಳ ಆಮದನ್ನು ನಿಷೇಧಿಸಿತು; ಬಿಡಿಭಾಗಗಳಿಗೆ ಅಡ್ಡಿಯಿಲ್ಲ. ಹಾಗಾಗಿ ಜಾಲತಾಣದ ಹೊಗಳಿಕೆ ನೋಡಿ ಮಾದರಿ ಆರಿಸುವುದಕ್ಕಿಂತ, ಡಿಜಿಸಿಎ ಪ್ರಮಾಣೀಕರಿಸಿದ ಮಾದರಿಯೇ, ರಿಪೇರಿಗೆ ಬಿಡಿಭಾಗ ಎಷ್ಟು ದಿನದಲ್ಲಿ ಸಿಗುತ್ತದೆ, ವಿಮೆ ಸೇರಿದೆಯೇ ಎಂದು ಕೇಳುವುದು ಉಪಯುಕ್ತ. ವರ್ಷಕ್ಕೊಮ್ಮೆ ಅಳೆಸುವ ಗಣಿ ಮಾಲೀಕರಿಗೆ ಸ್ವಂತ ಡ್ರೋನಿನ ಅಗತ್ಯವೇ ಇಲ್ಲ, ಸರ್ವೆ ಸಂಸ್ಥೆಯನ್ನು ಕರೆಸಿದರೆ ಸಾಕು. ಪ್ರತಿ ತಿಂಗಳೂ ಫಲಕಗಳನ್ನು ನೋಡಬೇಕಾದ ಸೌರ ಘಟಕಕ್ಕಾದರೆ ಸ್ವಂತ ಡ್ರೋನ್, ಅದನ್ನು ಹಾರಿಸುವ ಸ್ವಂತ ಸಿಬ್ಬಂದಿ, ಬಂದ ಥರ್ಮಲ್ ಚಿತ್ರಗಳನ್ನು ಓದಬಲ್ಲ ಒಬ್ಬ ಎಂಜಿನಿಯರ್, ಮೂರೂ ಬೇಕು.