ಮೈಸೂರಿನ ನೆರವೂ ಒಬ್ಬ ತರುಣ ವಾದ್ಯನಾಯಕನೂ

ಇಂದು ದಾವಣಗೆರೆ ಜಿಲ್ಲೆಗೆ ಸೇರಿರುವ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳು 1948ರಲ್ಲಿ ಮೈಸೂರು ಸೀಮೆಯ ಊರುಗಳಾಗಿದ್ದವು. ಇಲ್ಲಿಯ ಡೊಳ್ಳಿನ ಮೇಳವನ್ನು ಕಂಡವರು ಒಂದು ಸಂಗತಿಯನ್ನು ಬಲ್ಲರು: ತಾಳ ಹಿಡಿದ ಮುಂದಾಳು ಇಲ್ಲದಿದ್ದರೆ ಹತ್ತು ಡೊಳ್ಳುಗಳ ನಾದವು ಬರಿಯ ಗದ್ದಲವಾಗುವುದು. ಪಾಶ್ಚಾತ್ಯರ ದೊಡ್ಡ ವಾದ್ಯವೃಂದಗಳಲ್ಲಿ ಈ ಮುಂದಾಳುತನವೇ ಒಂದು ವಿದ್ಯೆಯಾಗಿ ಬೆಳೆದಿದೆ. ವೈಣಿಕನು ಬಡವನಾದರೂ ವೀಣೆಯೊಂದನ್ನು ಪಡೆದು ಸಾಧನೆ ಮಾಡಬಲ್ಲನು. ವಾದ್ಯನಾಯಕನಿಗಾದರೋ ನುರಿತ ವಾದಕರ ಸಮೂಹವೇ ವಾದ್ಯ. ಆ ವಾದ್ಯವನ್ನು ಯಾರಾದರೂ ಕಟ್ಟಿ ಸಲಹದೆ ಅವನ ವಿದ್ಯೆಯು ಬೆಳಕಿಗೆ ಬಾರದು.

ಇಟಲಿಯ ಗ್ವಿದೊ ಕಾಂತೆಲ್ಲಿಯ ಜೀವನವು ಇದಕ್ಕೆ ನಿದರ್ಶನ. ಆತನು 1920ರ ಏಪ್ರಿಲ್ 27ರಂದು ನೊವಾರಾ ಎಂಬ ಪಟ್ಟಣದಲ್ಲಿ ಜನಿಸಿದನು. ಯುದ್ಧಕಾಲದಲ್ಲಿ ಜರ್ಮನರ ಪಕ್ಷವನ್ನು ಸೇರಲೊಪ್ಪದೆ ಸ್ಟೆಟಿನ್ನಿನ ದುಡಿಮೆಯ ಶಿಬಿರಕ್ಕೆ ಗುರಿಯಾಗಿ, ಅಲ್ಲಿ ರೋಗಕ್ಕೀಡಾಗಿ, ಕಡೆಗೆ ತಪ್ಪಿಸಿಕೊಂಡು ಬಂದನು. 1948ರಲ್ಲಿ ಮಿಲಾನಿನ ಲಾ ಸ್ಕಾಲಾದಲ್ಲಿ ಆತನ ನಿರ್ವಾಹವನ್ನು ಕೇಳಿದ ಎಂಬತ್ತೊಂದರ ವೃದ್ಧ ತೊಸ್ಕನೀನಿಯು ಮೆಚ್ಚಿ ಅಮೆರಿಕಕ್ಕೆ ಕರೆಯಿಸಿಕೊಂಡನು. 1949ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ಆತನ ಹೆಸರು ಬೆಳಗಿತು.

1951ರಿಂದ ಕಾಂತೆಲ್ಲಿಯು ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು ನಡೆಸತೊಡಗಿದನು. ವಾಲ್ಟರ್ ಲೆಗ್ ಎಂಬವರು 1945ರಲ್ಲಿ ಸ್ಥಾಪಿಸಿದ ಈ ವೃಂದಕ್ಕೆ ಸರ್ಕಾರದ ಆಶ್ರಯವಿರಲಿಲ್ಲ. ಅದು ಕಷ್ಟದಲ್ಲಿದ್ದಾಗ ಕೈಹಿಡಿದವರು ನಮ್ಮ ಮಹಾರಾಜ ಜಯಚಾಮರಾಜ ಒಡೆಯರವರು. ಕಾಂತೆಲ್ಲಿಗಿಂತ ಒಂದು ವರ್ಷ ಮಾತ್ರ ಹಿರಿಯರಾದ ಅವರಿಗೆ ಪಿಯಾನೋ ವಾದಕರಾಗುವ ಆಸೆಯಿದ್ದಿತು. ಆದರೆ 1940ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿಗೆ, ಸಿಂಹಾಸನವೇರಬೇಕಾಯಿತು. 1948ರಲ್ಲಿ ಅವರು ಫಿಲ್‌ಹಾರ್ಮೋನಿಯಾ ಕಚೇರಿ ಸಂಘದ ಮೊದಲ ಅಧ್ಯಕ್ಷರಾದರು. ಮೂರು ವರ್ಷಗಳ ಕಾಲ ವರ್ಷಕ್ಕೆ 10,000 ಪೌಂಡುಗಳ ನೆರವಿಗೆ ಒಪ್ಪಿದರು.

ರಾಗಿ ಬೆಳೆಯುವ ನಾಡಿನ ಅರಸರು ಕಡಲಾಚೆಯ ವಾದ್ಯಗಳಿಗೆ ಹಣವಿತ್ತುದು ಯುಕ್ತವೇ ಎಂದು ಕೇಳುವವರುಂಟು. ಆ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಆದರೆ ಅದೇ ಆಸ್ಥಾನದಲ್ಲಿ ವಾಸುದೇವಾಚಾರ್ಯರೂ ಚೌಡಯ್ಯನವರೂ ಮನ್ನಣೆ ಪಡೆದರೆಂಬುದನ್ನೂ, ಮಹಾರಾಜರೇ ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದರೆಂಬುದನ್ನೂ ನೆನೆಯಬೇಕು. ಮನೆಯ ದೀಪವನ್ನು ಆರಿಸಿ ನೆರೆಮನೆಗೆ ಎಣ್ಣೆ ಕೊಟ್ಟ ದಾನವಲ್ಲ ಅದು.

ನೆರವಿನ ಅವಧಿ ಮುಗಿದರೂ ವೃಂದವು ಉಳಿಯಿತು. ಕಾಂತೆಲ್ಲಿಗೆ ಸಿದ್ಧವಾದ ವಾದ್ಯವು ದೊರೆಯಿತು. ಸ್ವರಲಿಪಿಯನ್ನೆಲ್ಲ ಕಂಠಸ್ಥ ಮಾಡಿಕೊಂಡು, ಅಭ್ಯಾಸದ ವೇಳೆಯಲ್ಲಿಯೂ ಪುಸ್ತಕವನ್ನು ನೋಡದೆ ನಡೆಸುವುದು ಆತನ ಪದ್ಧತಿ. ಬ್ರಾಮ್ಸನ ಮೊದಲನೆಯ ಸಿಂಫನಿಯನ್ನು 1953ರಲ್ಲಿಯೂ ಮೂರನೆಯದನ್ನು 1955ರಲ್ಲಿಯೂ ಆತನು ಈ ವೃಂದದಿಂದ ಧ್ವನಿಮುದ್ರಿಸಿದನು.

1956ರ ನವೆಂಬರ್ 16ರಂದು ಲಾ ಸ್ಕಾಲಾದ ಸಂಗೀತ ನಿರ್ದೇಶಕ ಪದವಿಯು ಆತನಿಗೆ ಒಲಿಯಿತು. ಎಂಟೇ ದಿನಗಳ ಮೇಲೆ, 24ರಂದು, ನ್ಯೂಯಾರ್ಕಿಗೆ ಹೊರಟಿದ್ದ ಆತನ ವಿಮಾನವು ಪ್ಯಾರಿಸ್ಸಿನ ಓರ್ಲಿಯಿಂದ ಮೇಲೇಳುತ್ತಲೇ ಬಿದ್ದುಹೋಯಿತು. ಆಗ ಆತನಿಗೆ ಮೂವತ್ತಾರು ವರ್ಷ. ಕಾಯಿಲೆಯಲ್ಲಿದ್ದ ತೊಸ್ಕನೀನಿಗೆ ಈ ವಾರ್ತೆಯನ್ನು ತಿಳಿಸದೆ ಮರೆಮಾಡಿದರು. 1957ರ ಜನವರಿ 16ರಂದು ಆ ಗುರುವೂ ತೀರಿಕೊಂಡನು.

ಕಡ್ಡಿಯು ಕೈಯಿಂದ ಜಾರಿದ ಮೇಲೆ ವಾದ್ಯನಾಯಕನದೆಂದು ಉಳಿಯುವುದು ಏನೂ ಇಲ್ಲ. ಪರರು ನುಡಿಸಿದ ನಾದದಲ್ಲಿಯೇ ಆತನು ಬಾಳಬೇಕು. ಕಾಂತೆಲ್ಲಿಯು ಆ ಧ್ವನಿಮುದ್ರಣಗಳಲ್ಲಿ ಬಾಳಿದ್ದಾನೆ. ಅದನ್ನು ನುಡಿಸಿದ ವೃಂದವು ಎಳೆಯದಾಗಿದ್ದಾಗ ಅದಕ್ಕೆ ನೀರೆರೆದ ಕೈಯು ಮೈಸೂರಿನದು.