ಕರುಣೆಗೆ ಕಲಿಕೆಯ ಕಣ್ಣು: ದಾದಿವೃತ್ತಿ ಬೆಳೆದು ಬಂದ ಹಾದಿ

ಮೇ 12 ಅಂತರರಾಷ್ಟ್ರೀಯ ದಾದಿಯರ ದಿನ. ಅಂದು ನಾವು ನರ್ಸ್‌ಗಳಿಗೆ ಹೂ ಕೊಟ್ಟು ಅವರ ಸೇವಾಮನೋಭಾವವನ್ನು ಕೊಂಡಾಡುತ್ತೇವೆ. ಅದು ಸರಿಯೇ. ಆದರೆ 'ಸೇವೆ' ಎಂಬ ಒಂದೇ ಮಾತಿನಲ್ಲಿ ಅವರ ಕೆಲಸವನ್ನು ಮುಗಿಸಿಬಿಟ್ಟರೆ, ಅದರ ಹಿಂದಿರುವ ಕಲಿಕೆಯನ್ನು ಮರೆತಂತೆ. ಕರುಣೆಯೊಂದೇ ರೋಗಿಯನ್ನು ಉಳಿಸುವುದಿಲ್ಲ. ಆ ಕರುಣೆಗೆ ಕಣ್ಣು ಬೇಕು, ಲೆಕ್ಕ ಬೇಕು, ಶಿಸ್ತು ಬೇಕು. ಈ ಅರಿವು ಹೇಗೆ ಮೂಡಿತೆಂಬುದನ್ನು ಚರಿತ್ರೆಯಲ್ಲಿ ನೋಡೋಣ.

ಹದಿನಾರನೆಯ ಶತಮಾನದಲ್ಲಿ ಸಂತ ಕಮಿಲ್ಲಸ್ ಮೊದಲು ಸೈನಿಕರಾಗಿದ್ದರು, ಜೂಜುಕೋರರೂ ಆಗಿದ್ದರು. ಕಾಲಿನ ಮಾಯದ ಹುಣ್ಣು ಅವರನ್ನು ರೋಮ್ ನಗರದ ಆಸ್ಪತ್ರೆಗೆ ತಂದಿತು. ಅಲ್ಲಿ ಬರಿಯ ಕೂಲಿಗಾಗಿ ದುಡಿಯುವವರು ರೋಗಿಗಳನ್ನು ಅಸಡ್ಡೆಯಿಂದ ಕಾಣುವುದನ್ನು ಅವರು ಕಂಡರು. ಒಬ್ಬನೇ ಮಗ ಕಾಯಿಲೆ ಬಿದ್ದಾಗ ತಾಯಿ ಹೇಗೆ ನೋಡಿಕೊಳ್ಳುತ್ತಾಳೋ ಹಾಗೆ ರೋಗಿಯನ್ನು ನೋಡಬೇಕೆಂಬುದು ಅವರು ಕಟ್ಟಿದ ನಿಯಮದ ತಿರುಳು. ಅವರ ಬಳಗಕ್ಕೆ 1586ರಲ್ಲಿ ಜಗದ್ಗುರುಗಳ ಮನ್ನಣೆ ದೊರೆಯಿತು. 1633ರಲ್ಲಿ ಪ್ಯಾರಿಸ್‌ನಲ್ಲಿ ಸಂತ ವಿನ್ಸೆಂಟ್ ದ ಪೌಲ್ ಮತ್ತು ಸಂತ ಲೂಯಿಸ್ ದ ಮರಿಲಾಕ್ ಇನ್ನೊಂದು ಹೆಜ್ಜೆ ಇಟ್ಟರು. ಧರ್ಮಭಗಿನಿಯರೆಂದರೆ ಮಠದ ಗೋಡೆಯೊಳಗೇ ಇರಬೇಕೆಂಬ ಆ ಕಾಲದಲ್ಲಿ, ಅವರ ಸಂಸ್ಥೆಯ ಹೆಣ್ಣುಮಕ್ಕಳು ಬಡರೋಗಿಗಳ ಮನೆಬಾಗಿಲಿಗೇ ಹೋದರು. ಹೀಗೆ ರೋಗಿಯ ಘನತೆ ಈ ವೃತ್ತಿಯ ಮೊದಲ ತಳಪಾಯವಾಯಿತು.

ಎರಡನೆಯ ತಳಪಾಯವನ್ನು ಹಾಕಿದವರು ಫ್ಲಾರೆನ್ಸ್ ನೈಟಿಂಗೇಲ್. ಆಂಗ್ಲಿಕನ್ ಸಭೆಗೆ ಸೇರಿದ ಈಕೆ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ತರಬೇತಿ ಪಡೆದರು. 1853ರಲ್ಲಿ ಪ್ಯಾರಿಸ್‌ನ ಕಥೋಲಿಕ ಭಗಿನಿಯರ ಕೆಲಸವನ್ನೂ ಕಂಡುಬಂದರು. ಕ್ರಿಮಿಯ ಯುದ್ಧದ ಗಾಯಾಳುಗಳಿಗಾಗಿ 1854ರ ನವೆಂಬರಿನಲ್ಲಿ ತುರ್ಕಿಯ ಸ್ಕುಟಾರಿಗೆ ಹೋದಾಗ ಅವರೊಡನೆ 38 ಮಹಿಳೆಯರಿದ್ದರು. ಅವರಲ್ಲಿ 10 ಮಂದಿ ಕಥೋಲಿಕ ಭಗಿನಿಯರು.

ರಾತ್ರಿ ದೀಪ ಹಿಡಿದು ನಡೆದ ಆ ತಾಯಿಯ ಚಿತ್ರ ನಮಗೆಲ್ಲ ಗೊತ್ತು. ಆದರೆ ಅವರು ಬಂದ ಮೇಲೂ ಆ ಆಸ್ಪತ್ರೆಯಲ್ಲಿ ಸಾವು ನಿಲ್ಲಲಿಲ್ಲ. 1855ರ ಫೆಬ್ರವರಿಯಲ್ಲಿ ನೂರಕ್ಕೆ ಸುಮಾರು 42 ಮಂದಿ ಸತ್ತರು. ಮಾರ್ಚಿನಲ್ಲಿ ಸರ್ಕಾರ ಕಳುಹಿಸಿದ ನೈರ್ಮಲ್ಯ ಆಯೋಗವು ಕಟ್ಟಡದಡಿಯ ಚರಂಡಿಯನ್ನು ಶುಚಿಗೊಳಿಸಿ, ಗಾಳಿ ಓಡಾಡುವಂತೆ ಮಾಡಿತು. ಜೂನ್ ವೇಳೆಗೆ ಸಾವು ನೂರಕ್ಕೆ ಎರಡರ ಆಸುಪಾಸಿಗೆ ಇಳಿಯಿತು. ಯುದ್ಧ ಮುಗಿದ ಮೇಲೆ ನೈಟಿಂಗೇಲ್ ಅಂಕಿಗಳನ್ನು ಕೂಡಿಸಿ ನೋಡಿದರು. ಹೆಚ್ಚಿನವರು ಸತ್ತದ್ದು ಗಾಯದಿಂದಲ್ಲ, ತಡೆಯಬಹುದಾಗಿದ್ದ ರೋಗಗಳಿಂದ ಎಂಬ ಸತ್ಯವನ್ನು ಮುಚ್ಚಿಡದೆ ರೇಖಾಚಿತ್ರ ಬರೆದು ಸರ್ಕಾರದ ಮುಂದಿಟ್ಟರು.

1859ರಲ್ಲಿ ಶುಶ್ರೂಷೆಯನ್ನು ಕುರಿತು ಅವರು ಬರೆದ ಪುಸ್ತಕದಲ್ಲಿ ಗಾಳಿ, ಬೆಳಕು, ಶುಚಿತ್ವ, ನಿಶ್ಶಬ್ದ, ಪಥ್ಯ ಇವೇ ಮುಖ್ಯ. ಎಲ್ಲಕ್ಕೂ ಮಿಗಿಲಾದುದು ಗಮನಿಸುವಿಕೆ. "ರಾತ್ರಿ ಚೆನ್ನಾಗಿ ನಿದ್ದೆ ಬಂತಾ?" ಎಂದರೆ ರೋಗಿ ಹೂಂ ಅಂದುಬಿಡುತ್ತಾನೆ. ಎಷ್ಟು ಗಂಟೆ ಮಲಗಿದ, ಯಾವಾಗ ಎಚ್ಚರವಾಯಿತು ಎಂದು ಕೇಳಿದರೆ ನಿಜ ತಿಳಿಯುತ್ತದೆ. 1860ರಲ್ಲಿ ಲಂಡನ್ನಿನ ಸಂತ ತೋಮಸರ ಆಸ್ಪತ್ರೆಯಲ್ಲಿ ಅವರ ಹೆಸರಿನ ತರಬೇತಿ ಶಾಲೆ ತೆರೆಯಿತು.

ಮೂರನೆಯ ತಳಪಾಯ ರೋಗಿಯ ಸ್ವಾವಲಂಬನೆ. ಅಮೆರಿಕದ ವರ್ಜೀನಿಯಾ ಹೆಂಡರ್ಸನ್ ತಮ್ಮ 1966ರ ಪುಸ್ತಕದಲ್ಲಿ ಇದನ್ನು ವಿವರಿಸಿದರು. ಶಕ್ತಿ, ಮನಸ್ಸು, ತಿಳಿವಳಿಕೆ ಇದ್ದಿದ್ದರೆ ರೋಗಿ ತಾನೇ ಏನು ಮಾಡಿಕೊಳ್ಳುತ್ತಿದ್ದನೋ ಅದಕ್ಕೆ ನೆರವಾಗುವುದು, ಆದಷ್ಟು ಬೇಗ ಅವನನ್ನು ತನ್ನ ಕಾಲ ಮೇಲೆ ನಿಲ್ಲಿಸುವುದು ದಾದಿಯ ಕೆಲಸ. ಗುಣವಾಗದವನಿಗೆ ನೆಮ್ಮದಿಯ ಮರಣ ಸಿಗುವಂತೆ ನೋಡುವುದೂ ಇದರಲ್ಲಿ ಸೇರಿದೆ. ಉಸಿರಾಟ, ಊಟ, ನಿದ್ದೆಯಿಂದ ಹಿಡಿದು ತನ್ನ ನಂಬಿಕೆಯಂತೆ ಆರಾಧಿಸುವವರೆಗೆ ಹದಿನಾಲ್ಕು ಅಗತ್ಯಗಳನ್ನು ಅವರು ಗುರುತಿಸಿದರು.

ಇಂದಿನ ನರ್ಸಿಂಗ್ ವಿದ್ಯಾರ್ಥಿ ಕಲಿಯುವ ಐದು ಹೆಜ್ಜೆಗಳಲ್ಲಿ ಈ ಮೂರೂ ಬೆರೆತಿವೆ: ರೋಗಿಯ ಸ್ಥಿತಿಯನ್ನು ಅರಿಯುವುದು, ಅವನ ತೊಂದರೆಯನ್ನು ಗುರುತಿಸುವುದು, ಯೋಜನೆ ಹಾಕುವುದು, ಆರೈಕೆ ಮಾಡುವುದು, ಫಲವನ್ನು ಮತ್ತೆ ಪರೀಕ್ಷಿಸುವುದು. ಮಾಡಿದ್ದನ್ನೆಲ್ಲ ಬರೆದಿಡುವುದೂ ಆರೈಕೆಯ ಭಾಗವೇ. ಮುಂದಿನ ಪಾಳಿಯವರಿಗೆ ಆ ಬರಹವೇ ದಾರಿ.

ನಮ್ಮ ನಾಡಿಗೂ ಈ ಪರಂಪರೆ ಹೊಸದಲ್ಲ. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಅವರ ಸೇವೆ ಆರಂಭವಾಯಿತು. 1886ರಲ್ಲಿ ಬೆಂಗಳೂರಿನಲ್ಲಿ ಗುಡ್ ಶೆಪರ್ಡ್ ಭಗಿನಿಯರು ಸಂತ ಮಾರ್ಥಾ ಆಸ್ಪತ್ರೆಯನ್ನು ತೆರೆದರು. ದೇಶಕ್ಕೆಲ್ಲ ಒಂದೇ ಮಟ್ಟದ ತರಬೇತಿ ಇರಲೆಂದು 1947ರಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯಿದೆ ಬಂತು. 2023ರಲ್ಲಿ ಸಂಸತ್ತು ಹೊಸ ಕಾಯಿದೆಯನ್ನು ಅಂಗೀಕರಿಸಿತು.

ಪ್ರಿಯರೇ, ನಮ್ಮ ಎಷ್ಟೋ ಕುಟುಂಬಗಳ ಮಕ್ಕಳು ಈ ವೃತ್ತಿಯಲ್ಲಿದ್ದಾರೆ. 'ಸೇವೆಯಲ್ಲವೇ' ಎಂದು ಹೇಳಿ ಕಡಿಮೆ ಸಂಬಳಕ್ಕೆ, ಬಿಡುವಿಲ್ಲದ ಪಾಳಿಗೆ ಅವರನ್ನು ದೂಡುವುದು ಆ ಪವಿತ್ರ ಪದಕ್ಕೇ ಮಾಡುವ ಅವಮಾನ. ದಣಿದ ಕಣ್ಣು ಗಮನಿಸಲಾರದು. ಗಮನಿಸದ ಕಣ್ಣು ರೋಗಿಯನ್ನು ಉಳಿಸಲಾರದು. ರಾತ್ರಿಪಾಳಿ ಮುಗಿಸಿ ಬಂದ ಮಗಳನ್ನೋ ಮಗನನ್ನೋ ಹಗಲು ನೆಮ್ಮದಿಯಾಗಿ ಮಲಗಲು ಬಿಡೋಣ. ನಾವು ಆಸ್ಪತ್ರೆಯಲ್ಲಿ ಮಲಗಿದಾಗ ನರ್ಸ್ ಕೇಳುವ ಪ್ರಶ್ನೆಗೆ ಬೇಸರಿಸದೆ ಸರಿಯಾದ ಉತ್ತರ ಕೊಡೋಣ. ಅವರ ವಿದ್ಯೆಗೆ ನಾವು ಸಲ್ಲಿಸಬಹುದಾದ ಗೌರವ ಅಲ್ಲಿಂದಲೇ ತೊಡಗುತ್ತದೆ.