ಕೋಲಾರದಲ್ಲಿ ಲಿಬರೇಟರ್ ವಿಮಾನಗಳ ಶಿಕ್ಷಣ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯವರಿಗೆ ಯುದ್ಧಕಾಲದ ವಿಮಾನದಾಣವೆಂದರೆ 1942ರಲ್ಲಿ ನಿರ್ಮಿತವಾದ ಬೆಳಗಾವಿಯ ಸಾಂಬ್ರೆಯೇ ನೆನಪಿಗೆ ಬರುವುದು. ಆದರೆ ಭಾರವಾದ ಬಾಂಬುವಿಮಾನಗಳನ್ನು ನಡೆಸುವ ವಿದ್ಯೆಯು ಕನ್ನಡನಾಡಿನಲ್ಲಿ ಎಲ್ಲಿ ಕಲಿಸಲ್ಪಟ್ಟಿತೆಂದು ಅರಸುವವರು ಅಂದಿನ ಮೈಸೂರು ಸಂಸ್ಥಾನದ ಕೋಲಾರಕ್ಕೆ ಬರಬೇಕಾಗುತ್ತದೆ. ಚಿನ್ನದ ಗಣಿಗಳ ಕೀರ್ತಿಯಲ್ಲಿ ಈ ಸಂಗತಿಯು ಮರೆಯಾಗಿದೆ.

1944ರಲ್ಲಿ ಬ್ರಿಟಿಷ್ ವಾಯುಸೇನೆಯ 1673ನೆಯ ಹೆವಿ ಕನ್ವರ್ಶನ್ ಯೂನಿಟ್ ಇಲ್ಲಿತ್ತು. ಹಾರಲರಿಯದವರಿಗೆ ಹಾರಾಟ ಕಲಿಸುವ ಶಾಲೆ ಇದಲ್ಲ. ಹಾರಬಲ್ಲವರನ್ನೇ ಬೇರೊಂದು ವಿಮಾನಕ್ಕೆ ಒಗ್ಗಿಸುವ ಶಾಲೆ. ಎರಡು ಎಂಜಿನುಗಳ ವೆಲಿಂಗ್ಟನ್ ವಿಮಾನದ ಸ್ಥಾನಕ್ಕೆ ನಾಲ್ಕು ಎಂಜಿನುಗಳ ಅಮೆರಿಕನ್ ಲಿಬರೇಟರ್ ಬಂದಿದ್ದಿತು. ಅದರ ರೆಕ್ಕೆಗಳ ಹರವು 110 ಅಡಿ. ಒಂದೊಂದು ಎಂಜಿನಿನ ಬಲ 1,200 ಅಶ್ವಶಕ್ತಿ. ಪೈಲಟ್, ಮಾರ್ಗದರ್ಶಿ, ನಿಸ್ತಂತು ವಾರ್ತೆಯವನು, ಬಾಂಬು ಬಿಡುವವನು, ಬಂದೂಕುಗಾರರು ಇವರೆಲ್ಲರೂ ಏಕದೇಹದ ಅವಯವಗಳಂತೆ ವರ್ತಿಸಬೇಕು. ಒಬ್ಬನ ಪ್ರಮಾದವು ಎಲ್ಲರ ಪ್ರಾಣಕ್ಕೆ ಸಂಚಕಾರ. ಅದೇ ವರ್ಷ 215ನೆಯ ಸ್ಕ್ವಾಡ್ರನ್ನಿನವರೂ ವೆಲಿಂಗ್ಟನ್ನನ್ನು ತೊರೆದು ಕೋಲಾರದಲ್ಲಿ ಲಿಬರೇಟರಿಗೆ ಒಗ್ಗಿದರು.

ಇಂತಹ ಶಿಕ್ಷಣದ ಅಗತ್ಯವನ್ನು ದೂರವೇ ಹೇಳುವುದು. 1944ರ ಅಕ್ಟೋಬರಿನಲ್ಲಿ ಬಂಗಾಳದ ದಿಗ್ರಿಯಿಂದ ಹೊರಟ 159ನೆಯ ಸ್ಕ್ವಾಡ್ರನ್ನಿನ ಲಿಬರೇಟರುಗಳು ಪಿನಾಂಗ್ ಬಂದರಿನಲ್ಲಿ ಸಿಡಿಗುಂಡುಗಳನ್ನಿಳಿಸಿ ಬಂದವು. ಹೋಗಿಬರುವ ದಾರಿ 3,000 ಮೈಲಿಗೂ ಮಿಕ್ಕುದು. ಬಹುಪಾಲು ಸಮುದ್ರದ ಮೇಲಣ ಹಾದಿ. ಎಣ್ಣೆಯ ಲೆಕ್ಕ ತಪ್ಪಿದವನಿಗೆ ಅಲ್ಲಿ ಇಳಿಯಲು ನೆಲವಿಲ್ಲ.

ಕಡೆಗೆ ಶಾಲೆಯೇ ಸೇನೆಯಾಯಿತು. 1673ನೆಯ ಯೂನಿಟ್ಟಿನವರಿಂದ 1944ನೆಯ ನವೆಂಬರ್ 8ರಂದು ಕೋಲಾರದಲ್ಲಿಯೇ 358ನೆಯ ಸ್ಕ್ವಾಡ್ರನ್ ರೂಪುಗೊಂಡಿತು. ಬಾಂಬು ಹಾಕುವುದಕ್ಕಾಗಿ ಹುಟ್ಟಿದ ಈ ದಳವು ಬಾಂಬು ಹಾಕಲು ಹೊರಟದ್ದು ಒಂದೇ ಸಲ, 1945ನೆಯ ಜನವರಿ 13ರಂದು, ಬರ್ಮಾದ ಮಂಡಾಲೆಯ ಮೇಲೆ. ಅನಂತರ ಶತ್ರುವಶದಲ್ಲಿದ್ದ ನಾಡುಗಳೊಳಗೆ ಗುಪ್ತಚರರನ್ನೂ ಸಾಮಗ್ರಿಗಳನ್ನೂ ಇಳಿಸುವ ಕಾರ್ಯವು ಅದಕ್ಕೆ ಒಪ್ಪಿಸಲ್ಪಟ್ಟಿತು. 1945ರ ನವೆಂಬರಿನಲ್ಲಿ ದಳವು ವಿಸರ್ಜಿತವಾಯಿತು.

ಕಲಿತ ವಿದ್ಯೆಯೊಂದು, ಅದರ ವಿನಿಯೋಗವೊಂದು ಎಂದು ಇದರಿಂದ ತೋರಬಹುದು. ಆದರೆ ವಿಚಾರಿಸಿ ನೋಡಿದರೆ ವಿದ್ಯೆ ಬದಲಾಗಲಿಲ್ಲ. ದೂರದ ದಾರಿಯನ್ನು ತಪ್ಪದೆ ಹಿಡಿಯುವುದು, ಎಣ್ಣೆಯನ್ನು ಅಳೆದು ಬಳಸುವುದು, ಪರಸ್ಪರರನ್ನು ನಂಬಿ ನಡೆಯುವುದು ಇವು ಬಾಂಬಿಗೂ ಬೇಕು, ಬುತ್ತಿಗೂ ಬೇಕು. ಲಿಬರೇಟರಿನ ಕನ್ನಡನಾಡಿನ ನಂಟೂ ಅಲ್ಲಿಗೆ ಮುಗಿಯಲಿಲ್ಲ. ಯುದ್ಧಾನಂತರ ಕಾನ್ಪುರದಲ್ಲಿ ನಿರುಪಯುಕ್ತವಾಗಿ ಬಿದ್ದಿದ್ದ ಲಿಬರೇಟರುಗಳನ್ನು ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯು ದುರಸ್ತಿಗೊಳಿಸಿತು. 1948ರಲ್ಲಿ ಸ್ಥಾಪಿತವಾದ ಭಾರತೀಯ ವಾಯುಸೇನೆಯ 5ನೆಯ ಸ್ಕ್ವಾಡ್ರನ್ ಇಂಥ ವಿಮಾನಗಳಿಂದಲೇ ಸಜ್ಜಾಯಿತು. ಪರರ ಯುದ್ಧಕ್ಕೆಂದು ಬಂದ ಯಂತ್ರವು ಹೀಗೆ ಸ್ವತಂತ್ರ ರಾಷ್ಟ್ರದ ಸೇವೆಗೆ ಒದಗಿತು.